ಬ್ಯಾಕೋಡಿನ ಮಿಲ್ಟ್ರಿ ಜೀಪು ಮತ್ತು ಅದರ ಹಿಂದಿನ ಬಾಗಿಲು

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಈಗ ಬರೀಲೇಬೇಕು ಅನ್ನಿಸಿದ್ದಕ್ಕೆ ಕಾರಣ ಒಂದು ಹಳೇ ಜೀಪು. ಜೀಪಿನ ನೆಪದಲ್ಲಿ ಇತಿಹಾಸದ ಬಗ್ಗೆ ಸ್ವಲ್ಪ ಕೊರೀತೀನಿ, ಸಹಿಸಿಕೊಳ್ಳಿ :-)

ಮೊನ್ನೆ ರಜೆಗೆ ಬ್ಯಾಕೋಡಿಗೆ ಹೋಗಿದ್ದೆ. ಗೊತ್ತಿಲ್ಲದವರಿಗೆ: ಬ್ಯಾಕೋಡು ಅಂದ್ರೆ ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಆಚೆ ಕಡೆ, ತುಮರಿ-ಸಿಗಂದೂರಿನ ಪಕ್ಕದ ಊರು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯುವ ತನಕ ನಮಗೆ ಸಾಗರಕ್ಕೆ ಹತ್ತಿರದ ದಾರಿ ಅಂದ್ರೆ ಲಾಂಚು. ಲಾಂಚು ತಪ್ಪಿದ್ರೆ ನಿಟ್ಟೂರು, ನಗರ, ಹೊಸನಗರ ಅಂತ ಸುತ್ತು ಹೊಡೀಬೇಕಿತ್ತು. ಈಗ ಎರಡೂವರೆ ಕಿಲೋಮೀಟರಿನಷ್ಟು ಉದ್ದದ ಸೇತುವೆ ಮೇಲೆ ಕಾರು ಸುಯ್ಯನೆ ಹೋಗುತ್ತೆ. ಖುಷಿಯೂ ಆಗುತ್ತೆ, ಒಳಗೆಲ್ಲೋ ಏನೋ ಕಳಕೊಂಡ ಹಾಗೂ ಆಗುತ್ತೆ. ಇರಲಿ, ಅದು ಇನ್ನೊಂದು ದಿನದ ಕತೆ.

ದೊಡ್ಡಪ್ಪನ ಮನೆಯ ಕಟ್ಟಿಗೆ ಕೊಟ್ಟಿಗೆಯಲ್ಲಿ ಅಜ್ಜನ ಕಾಲದ ಒಂದು ಜೀಪಿದೆ. ನಾವೆಲ್ಲ ಚಿಕ್ಕವರಿದ್ದಾಗಿಂದ ಅದನ್ನ "ಮಿಲ್ಟ್ರಿ ಜೀಪು" ಅಂತಲೇ ಕರೀತಿದ್ದಿದ್ದು. ಸ್ಟೇರಿಂಗು ಎಡಗಡೆ. ಹತ್ತು-ಹನ್ನೆರಡು ವರ್ಷದಿಂದ ಓಡದೆ ನಿಂತಿತ್ತು. ಅದರ ಮೇಲೆ ಅಡಿಕೆ ಚೀಲ, ಹಾಳೆ, ಹಳೇ ತಟ್ಟಿ, ಕೋಳಿ ಎಲ್ಲಾ ಕೂತಿದ್ವು. ನಾನು ಹೋಗುವಷ್ಟರಲ್ಲಿ ಅಣ್ಣ (ದೊಡ್ಡಪ್ಪನ ಮಗ) ಅದನ್ನ ಅಂಗಳಕ್ಕೆ ಎಳೆದು ತೊಳೆದು ನಿಲ್ಲಿಸಿದ್ದ. ಬೆಂಗಳೂರಲ್ಲಿ ಹಳೇ ವಾಹನಗಳ ಮೆರವಣಿಗೆ ಒಂದು ನೋಡಿ ಬಂದವನಿಗೆ ಹುಚ್ಚು ಹತ್ತಿತ್ತು.

"ಪೂರ್ತಿ ಒರಿಜಿನಲ್ ಮಾಡಿಸ್ತೀನಿ ನೋಡು. ಹಸಿರು ಬಣ್ಣ, ಬಾನೆಟ್ ಮೇಲೆ ಬಿಳೀ ಸ್ಟಾರು, ಹಿಂದೆ ಪೆಟ್ರೋಲ್ ಕ್ಯಾನು. ಒಂದು ಡಮ್ಮಿ ಗನ್ನೂ ಇಡೋಣ" ಅಂದ.

ನನಗೆ ಹಳೇ ವಾಹನಗಳ ಬಗ್ಗೆ ಓದುವ ಚಟ ಇರೋದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಗಾಡಿ ರಿಪೇರಿ ಮಾಡೋಕೆ ಬರಲ್ಲ, ಮಾತಾಡೋಕೆ ಮಾತ್ರ ಬರುತ್ತೆ. ಶುರು ಹಚ್ಚಿಕೊಂಡೆ.

*

ಮೊದಲು ಜೀಪಿನ ಕತೆ ಸ್ವಲ್ಪ.

1940ರಲ್ಲಿ ಅಮೆರಿಕಾದ ಸೇನೆಗೆ ನಾಲ್ಕೂ ಚಕ್ರ ಎಳೆಯುವ, ಹಗುರವಾದ ಒಂದು ಗಾಡಿ ಬೇಕಾಗಿತ್ತು. ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ ಮೊದಲ ಮಾದರಿಯನ್ನು ಅದೇ ಸೆಪ್ಟೆಂಬರಿನಲ್ಲಿ ಮಾಡಿಕೊಟ್ಟಿತು. ಆದ್ರೆ ದೊಡ್ಡ ಆರ್ಡರು ಸಿಕ್ಕಿದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. ವಿಲ್ಲೀಸಿನದು ಎಂಬಿ, ಫೋರ್ಡಿನದು ಜಿಪಿಡಬ್ಲ್ಯು. ಎರಡೂ ಒಂದೇ ನಕ್ಷೆಯವು, ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರಬೇಕು ಅನ್ನೋದು ಸೇನೆಯ ಷರತ್ತು. 1941ರಿಂದ 1945ರೊಳಗೆ ಎರಡೂ ಸೇರಿ ಸುಮಾರು 6 ಲಕ್ಷ 40 ಸಾವಿರ ಜೀಪು ತಯಾರಾದವು. 2.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ನು, 60 ಅಶ್ವಶಕ್ತಿ, 6 ವೋಲ್ಟಿನ ಬ್ಯಾಟರಿ. ಪೆಟ್ರೋಲ್ ಟ್ಯಾಂಕು ಡ್ರೈವರಿನ ಸೀಟಿನ ಕೆಳಗೇ! ಬ್ರಿಟಿಷರಿಗೆ ಕೊಟ್ಟವೂ ಸೇರಿ ಎಲ್ಲವಕ್ಕೂ ಸ್ಟೇರಿಂಗು ಎಡಗಡೆ.

ಇವು ನಮ್ಮ ದೇಶಕ್ಕೆ ಬಂದದ್ದು ಬರ್ಮಾ ಯುದ್ಧದ ಕಾಲದಲ್ಲಿ. ಯುದ್ಧ ನಡೆದದ್ದು ದೂರದ ಅಸ್ಸಾಂ-ಬರ್ಮಾ ಗಡಿಯಲ್ಲಾದರೂ ಅದರ ಅಡುಗೆಮನೆ ನಮ್ಮ ಕಡೆಗೂ ಹರಡಿತ್ತು. ದಕ್ಷಿಣದ ಸೇನಾ ಕಮಾಂಡಿನ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇತ್ತು. ಎಚ್‌ಎಎಲ್ ಕಾರ್ಖಾನೆಯನ್ನು 1943ರಿಂದ ಅಮೆರಿಕಾದ ವಾಯುಪಡೆ ತನ್ನ ವಿಮಾನಗಳ ರಿಪೇರಿಗೆ ಬಳಸಿಕೊಂಡಿತು. ಜಾಲಹಳ್ಳಿಯಲ್ಲಿ ಮಿಲಿಟರಿ ಆಸ್ಪತ್ರೆಗಳೆದ್ದವು. ಅದೇ ಹೊತ್ತಿಗೆ ಊರುಗಳಲ್ಲಿ ಪೆಟ್ರೋಲಿಗೆ ಬರ ಬಂದು, ಬಸ್ಸುಗಳಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸಿದ ಕತೆ ನಿಮ್ಮ ಅಜ್ಜಂದಿರೂ ಹೇಳಿರಬೇಕು.

ಯುದ್ಧ ಮುಗೀತು. ಉಳಿದ ಸಾಮಾನು ವಾಪಸ್ ಸಾಗಿಸೋದು ದುಬಾರಿ. ಅಮೆರಿಕಾ 1946ರಲ್ಲಿ ಒಂದು ಒಪ್ಪಂದ ಮಾಡಿಕೊಂಡು ಇಲ್ಲಿದ್ದ ತನ್ನ ಹೆಚ್ಚುವರಿ ಸಾಮಾನನ್ನು ಸರ್ಕಾರಕ್ಕೆ ಒಪ್ಪಿಸಿತು. ಜೀಪು, ಲಾರಿ, ಟೈರು, ಡಬ್ಬ, ತಾಡಪಾಲು ಎಲ್ಲಾ ಹರಾಜಿಗೆ ಬಂದವು. "ಡಿಸ್ಪೋಸಲ್" ಅನ್ನೋ ಶಬ್ದ ಹಳೇ ತಲೆಗಳ ಬಾಯಲ್ಲಿ ಕನ್ನಡವೇ ಆಗಿಹೋಗಿರೋದು ಹಾಗೆ. ಡಿಸ್ಪೋಸಲ್ ಜೀಪು, ಡಿಸ್ಪೋಸಲ್ ಕಂಬಳಿ. ಮಲೆನಾಡಿನ ಕೆಸರು ದಾರಿಗೆ, ನಾಟಾ ಕೂಪಿಗೆ ಈ ಜೀಪುಗಳು ಹೇಳಿ ಮಾಡಿಸಿದಂತಿದ್ದವು. ಮಹೀಂದ್ರದವರು ವಿಲ್ಲೀಸ್ ಜೀಪನ್ನು ಇಲ್ಲಿ ಜೋಡಿಸಲು ಶುರು ಮಾಡಿದ್ದು 1947ರ ನಂತರ. ಹಾಗಾಗಿ ಊರಲ್ಲಿ ಕಾಣೋ ಹಳೇ ಜೀಪೆಲ್ಲ ಮಿಲ್ಟ್ರಿಯದ್ದಲ್ಲ. ಮುಕ್ಕಾಲುವಾಸಿ ಮಹೀಂದ್ರದ್ದು.

ನಮ್ಮಜ್ಜ ಇದನ್ನ 1956ರಲ್ಲಿ ಶಿವಮೊಗ್ಗದ ಒಬ್ಬ ನಾಟಾ ಕಂತ್ರಾಟುದಾರರಿಂದ ತಗೊಂಡದ್ದು. ಹರಕಲು ಆರ್‌ಸಿ ಪುಸ್ತಕದಲ್ಲಿ 1949 ಅಂತ ಇದೆ. ನಂಬರು ಮೈಸೂರು ಸಂಸ್ಥಾನದ ಕಾಲದ್ದು, ಎಂವೈ ಇಂದ ಶುರುವಾಗೋದು.

*

ಇನ್ನು ಅಣ್ಣನ "ಒರಿಜಿನಲ್"ಗೆ ಬರ್ತೀನಿ.

ಮದುವೆ ಹಾಲಿನ ಮುಂದೆ, ರೆಸಾರ್ಟಿನ ಬಾಗಿಲಲ್ಲಿ, ಮೆರವಣಿಗೆಗಳಲ್ಲಿ ನಿಂತಿರುವ "ಎರಡನೇ ಮಹಾಯುದ್ಧದ ಜೀಪು"ಗಳನ್ನ ನೀವೂ ನೋಡಿರ್ತೀರಿ. ಮುಂದೆ ನಿಂತು ಎಣಿಸಿ. ಯುದ್ಧಕಾಲದ ಜೀಪಿನ ಮುಖದಲ್ಲಿ ಒಂಬತ್ತು ಸೀಳು (ವಿಲ್ಲೀಸಿನ ಮೊದಲ ಸುಮಾರು 25 ಸಾವಿರ ಗಾಡಿಗಳಿಗೆ ಪಟ್ಟಿ ಬೆಸೆದ ಜಾಲರಿ ಇತ್ತು, ಅದು ಬೇರೆ). ಯುದ್ಧ ಮುಗಿದ ಮೇಲೆ ಬಂದ ನಾಗರಿಕ ಜೀಪುಗಳಿಗೆ, ನಮ್ಮ ಮಹೀಂದ್ರಕ್ಕೂ, ಏಳು ಸೀಳು. ಯುದ್ಧಕಾಲದ ಹೆಡ್‌ಲೈಟು ಸಣ್ಣದು, ಜಾಲರಿಯ ಹಿಂದೆ ಅಡಗಿರುತ್ತೆ. ಅದನ್ನ ಬಿಚ್ಚಿ ಹಿಂದಕ್ಕೆ ಮಗುಚಿದ್ರೆ ರಾತ್ರಿ ಎಂಜಿನ್ ರಿಪೇರಿಗೆ ಬೆಳಕಾಗುತ್ತೆ. ಎಷ್ಟು ಚೆಂದದ ಯೋಚನೆ ನೋಡಿ. ನಾಗರಿಕ ಜೀಪಿನದು ದೊಡ್ಡ ಕಣ್ಣು, ಹೊರಗೆ ಚಾಚಿಕೊಂಡಿರುತ್ತೆ. ಬಾನೆಟ್ ಎತ್ತರವಾಗಿದ್ರೆ ಅದು ಸಿಜೆ-3ಬಿ. 1953ರಲ್ಲಿ ಬಂದ ಮಾದರಿ ಅದು. ಹೊಸ ಎಂಜಿನ್ನು ಎತ್ತರ ಇತ್ತು, ಹಾಗಾಗಿ ಬಾನೆಟ್ಟನ್ನೇ ಎತ್ತರಿಸಿದ್ರು. ಈ ಎತ್ತರದ ಬಾನೆಟ್ಟಿಗೆ ಹಸಿರು ಬಳಿದು 1944 ಅಂತ ಬರೆದದ್ದನ್ನ ನಾನೇ ನೋಡಿದ್ದೇನೆ. ಹರಿಯಾಣದ ಮಂಡಿ ಡಬ್ವಾಲಿ ಕಡೆಯಿಂದ ಹೊಸದಾಗಿ ಮಾಡಿದ "ಲೋ ಬಾನೆಟ್" ಬಾಡಿಗಳೂ ಬರ್ತವೆ. ಓಡಿಸೋಕೆ ಚೆನ್ನಾಗಿರ್ತವೆ, ಅದರಲ್ಲಿ ತಪ್ಪೇನಿಲ್ಲ. ಯುದ್ಧದಿಂದ ಬಂದದ್ದು ಅಂತ ಹೇಳಿದಾಗ ಮಾತ್ರ ತಕರಾರು.

ನಮ್ಮ ಜೀಪಿಗೆ ಒಂಬತ್ತು ಸೀಳು ಇತ್ತು. ಚಾಪೆ ಹಾಸಿ ಕೆಳಗೆ ಮಲಗಿ ನೋಡಿದೆ. ಮುಂದಿನ ಅಡ್ಡಪಟ್ಟಿ ವಿಲ್ಲೀಸಿನದಾದರೆ ದುಂಡನೆ ಪೈಪು, ಫೋರ್ಡಿನದಾದರೆ ಬೋರಲು ಹಾಕಿದ ತೊಟ್ಟಿಯ ಹಾಗೆ. ನಮ್ಮದು ತೊಟ್ಟಿ! ಅಲ್ಲೊಂದು ಇಲ್ಲೊಂದು ಬೋಲ್ಟಿನ ತಲೆ ಮೇಲೆ ಇಂಗ್ಲಿಷಿನ ಎಫ್ ಅಕ್ಷರ. ಫೋರ್ಡಿನವರು ತಮ್ಮ ಬಿಡಿಭಾಗಗಳ ಮೇಲೆಲ್ಲ ಎಫ್ ಒತ್ತುತ್ತಿದ್ದರು. ಎಡಗಡೆ ಚಾಸಿಯ ಮೇಲ್ಭಾಗದಲ್ಲಿ, ಎಂಜಿನ್ ಕೂರೋ ಜಾಗದ ಹತ್ತಿರ, ಎಣ್ಣೆ-ಮಣ್ಣು ಕೆರೆದ ಮೇಲೆ ನಂಬರೂ ಕಾಣಿಸ್ತು. ಫೋರ್ಡಿನ ಜೀಪು ಕಾರ್ಖಾನೆಯಿಂದ ಹೊರಡುವಾಗ ಎಂಜಿನ್ ನಂಬರು ಚಾಸಿ ನಂಬರು ಎರಡೂ ಒಂದೇ ಇರ್ತಿದ್ವು. ನಮ್ಮ ಜೀಪಿನ ಆ ಎಂಜಿನ್ನು ಈಗಿಲ್ಲ. ದೊಡ್ಡಪ್ಪ 1986ರಲ್ಲಿ ಅದನ್ನ ಗುಜರಿಗೆ ಹಾಕಿ ಮಹೀಂದ್ರದ ಡೀಸೆಲ್ ಎಂಜಿನ್ ಕೂರಿಸಿದ್ದ. ಪೆಟ್ರೋಲು ಹಾಕಿ ಪೂರೈಸೋಕಾಗಲ್ಲ ಅಂತ.

ಅಣ್ಣ ಹಿಗ್ಗಿ ಹೀರೇಕಾಯಿಯಾದ. "ಹಂಗಾದ್ರೆ ಅಮೆರಿಕಾದ್ದೇ ಆಯ್ತಲ್ಲ! ಸ್ಟಾರ್ ಹಾಕೋಕೆ ಎಂತ ತೊಂದ್ರೆ?"

ತೊಂದರೆ ಇತ್ತು. ಬಾನೆಟ್ಟಿನ ಪಕ್ಕದಲ್ಲಿ ಒಂದು ಕಡೆ ನಾನು ವಾಟರ್ ಪೇಪರ್ ಹಿಡಿದು ನೀರು ಹಾಕಿ ಮೆಲ್ಲಗೆ ಉಜ್ಜಿದೆ. ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ. ಮೇಲೆ ದೊಡ್ಡಪ್ಪನ ಕಡು ನೀಲಿ. ಅದರ ಕೆಳಗೆ ಅಜ್ಜನ ಆಕಾಶ ನೀಲಿ. ಅದರ ಕೆಳಗೆ ಕೆಂಪು ಪ್ರೈಮರು. ಅದರ ಕೆಳಗೆ ಮಂಕು ಹಸಿರು, ಹಸಿರು ಅಂದ್ರೆ ಹಸಿರೂ ಅಲ್ಲ, ಒಣಗಿದ ಸಗಣಿಗೆ ಸ್ವಲ್ಪ ಎಲೆ ಅರೆದು ಹಾಕಿದ ಬಣ್ಣ. ಅದರ ಮೇಲೆ ಬಿಳಿ ಗೆರೆಗಳು. ಒಂದು ಗಂಟೆ ಉಜ್ಜಿದ ಮೇಲೆ ಒಂದು ಅಕ್ಷರ ಮೂಡಿತು. ಎಂ. ಅದರ ಪಕ್ಕದಲ್ಲಿ ಎರಡು ಅಂಕೆ, ಮುಂದಿನದೆಲ್ಲ ತುಕ್ಕು ತಿಂದಿತ್ತು.

ಅಮೆರಿಕಾ ಸೇನೆಯ ಜೀಪುಗಳ ಬಾನೆಟ್ ನಂಬರು 20ರಿಂದ ಶುರುವಾಗ್ತಿತ್ತು. ಸಿನಿಮಾಗಳಲ್ಲಿ ಕಾಣೋದು ಅದೇ. ಬ್ರಿಟಿಷ್ ಪದ್ಧತಿಯಲ್ಲಿ ಲಾರಿಗೊಂದು ಅಕ್ಷರ, ಮೋಟಾರ್ ಸೈಕಲ್ಲಿಗೊಂದು, ಕಾರಿನ ವರ್ಗಕ್ಕೊಂದು. ಕಾರಿನ ವರ್ಗದ ಅಕ್ಷರ ಎಂ. ಅವರ ಲೆಕ್ಕದಲ್ಲಿ ಜೀಪು ಅಂದ್ರೆ "5 ಹಂಡ್ರೆಡ್‌ವೇಟಿನ ಕಾರು". ಅಂದ್ರೆ ಈ ಬಾನೆಟ್ಟು ಅಮೆರಿಕಾದಲ್ಲಿ ಹುಟ್ಟಿದ್ರೂ ದುಡಿದದ್ದು ಬ್ರಿಟಿಷ್-ಇಂಡಿಯಾ ಕಡೆಯ ಸೇನೆಯಲ್ಲಿ. ಅದಕ್ಕೆ ಅಮೆರಿಕಾದ ನಂಬರು ಬರೆದ್ರೆ ಯಾರದ್ದೋ ಜಾತಕ ಯಾರಿಗೋ ಬರೆದ ಹಾಗೆ.

ಸ್ಟಾರ್ ವಿಷಯ ಸ್ವಲ್ಪ ಸೂಕ್ಷ್ಮ. ಅದು ಅಮೆರಿಕಾದ ಗುರುತಾಗಿ ಶುರುವಾಗಿದ್ದು ಹೌದು. ಆಮೇಲೆ ಮಿತ್ರಪಡೆಗಳೆಲ್ಲ ಒಬ್ಬರ ಮೇಲೊಬ್ಬರು ಗುಂಡು ಹೊಡ್ಕೊಳ್ಳಬಾರದು ಅಂತ ಅದನ್ನೇ ಬಳಸಿದವು, ಬರ್ಮಾದಲ್ಲೂ. ಹಾಗಾಗಿ "ಇರಲೇ ಇಲ್ಲ" ಅಂತ ನಾನು ಹೇಳಲಾರೆ. ಆದ್ರೆ ಬಾನೆಟ್ ಮೇಲ್ಗಡೆ ಉಜ್ಜಿದ ಕಡೆ ಎಲ್ಲೂ ಸ್ಟಾರಿನ ಕುರುಹು ಸಿಗಲಿಲ್ಲ. ಇರಬಹುದಿತ್ತು ಅನ್ನೋದಕ್ಕೂ ಇತ್ತು ಅನ್ನೋದಕ್ಕೂ ವ್ಯತ್ಯಾಸ ಇದೆ. ಇತಿಹಾಸ ಅನ್ನೋದು ಆ ವ್ಯತ್ಯಾಸದಲ್ಲೇ ಇರೋದು.

ಈ ಗೊಂದಲ ಬರೀ ನಮ್ಮನೆ ಕೊಟ್ಟಿಗೆಯದ್ದಲ್ಲ. ಕಾರವಾರದ ಟಾಗೋರ್ ಕಡಲತೀರದಲ್ಲಿ 2006ರಿಂದ ಐಎನ್‌ಎಸ್ ಚಪಲ್ ಅನ್ನೋ ಯುದ್ಧನೌಕೆ ಮ್ಯೂಸಿಯಂ ಆಗಿ ನಿಂತಿದೆ. ನೋಡಿ ಬಂದವರಲ್ಲಿ ಎಷ್ಟೋ ಜನ "1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ್ದು ಇದೇ" ಅಂತ ಹೇಳೋದು ಕೇಳಿದ್ದೇನೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದದ್ದು ನಿಪತ್, ನಿರ್ಘಾತ್ ಮತ್ತು ವೀರ್. ಚಪಲ್ ಆಮೇಲಿನ ತಂಡದ್ದು, ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಹಡಗು ನಿಜ, ಅದರ ಉಕ್ಕು ನಿಜ, ಮೂರು ದಶಕದ ಸೇವೆ ನಿಜ. ಅದಕ್ಕೆ ಅಂಟಿಸಿದ ಕತೆ ಮಾತ್ರ ಅದರ ಅಣ್ಣಂದಿರದ್ದು. ಅದರದ್ದೇ ಕತೆ ಸಾಲದೇ? ಸುಮ್ಮನೆ ಕಾವಲು ಕಾದವರನ್ನ ನಾವು ಗೌರವಿಸಲ್ವಾ?

*

ಅಣ್ಣನಿಗೆ ಇನ್ನೂ ಎರಡು ಕೊಕ್ಕೆ ಹಾಕಿದೆ. ಎರಡೂ ಕಾನೂನಿನವು.

ಒಂದು, ಬಣ್ಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮ ಅಂತ ಒಂದಿದೆ. ರಕ್ಷಣಾ ಇಲಾಖೆಯದ್ದಲ್ಲದ ವಾಹನಕ್ಕೆ ಆಲಿವ್ ಹಸಿರು ಬಳಿಯೋ ಹಾಗಿಲ್ಲ. ಅಂದ್ರೆ ನಮ್ಮ ದೇಶದಲ್ಲಿ ಮಿಲಿಟರಿ ಜೀಪನ್ನ ಅದರ ನಿಜ ಬಣ್ಣಕ್ಕೆ ತಂದು ರಸ್ತೆಗಿಳಿಸಿದ್ರೆ ಅದೇ ತಪ್ಪು! ಅದಕ್ಕೇ ಜನ ಸ್ವಲ್ಪ ಗಿಳಿ ಹಸಿರು, ಸ್ವಲ್ಪ ಖಾಕಿ ಅಂತ ಪಕ್ಕದ ಬಣ್ಣ ಹುಡುಕ್ತಾರೆ. ಇನ್ನು ಹಾರ್ಡ್‌ವೇರ್ ಅಂಗಡಿಯ ಮಿಲಿಟರಿ ಹಸಿರಂತೂ ಮದುಮಗಳ ಸೀರೆ ಥರ ಮಿಂಚುತ್ತೆ. ಯುದ್ಧದ ಬಣ್ಣ ಮಿಂಚಬಾರದು. ಮಿಂಚಿದ್ರೆ ವಿಮಾನದವನಿಗೆ ಕಾಣುತ್ತೆ.

ಎರಡು, ನೋಂದಣಿ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳಿಗೆ ಹೊಸ ನಿಯಮ ತಂದಿತು. 50 ವರ್ಷ ದಾಟಿದ ಗಾಡಿಯನ್ನ "ವಿಂಟೇಜ್" ಅಂತ ನೋಂದಾಯಿಸಬಹುದು, ನಂಬರಿನಲ್ಲಿ ವಿಎ ಅಂತ ಅಕ್ಷರ ಬರುತ್ತೆ. ಆದ್ರೆ ಚಾಸಿ, ಬಾಡಿ, ಎಂಜಿನ್ ಮೂಲ ಸ್ವರೂಪದಲ್ಲಿರಬೇಕು, ಗಣನೀಯವಾಗಿ ಬದಲಾಗಿರಬಾರದು. ನಮ್ಮದರಲ್ಲಿ ಡೀಸೆಲ್ ಎಂಜಿನ್ ಕೂತಿದೆ. ಎಲ್ಲಿಂದಾದ್ರೂ ಒಂದು ಹಳೇ ಪೆಟ್ರೋಲ್ ಎಂಜಿನ್ ತಂದು, ನಂಬರು ಒತ್ತಿಸಿ... ಅಣ್ಣನ ಮೆಕ್ಯಾನಿಕ್ಕು ಆ ದಾರಿಯನ್ನೂ ಹೇಳಿಕೊಟ್ಟಿದ್ದನಂತೆ.

"ಅದು ಮಾತ್ರ ಬ್ಯಾಡ ಮಾರಾಯ" ಅಂದೆ. ಬಣ್ಣ ತಪ್ಪಾದ್ರೆ ಕೆರೆದು ಸರಿ ಮಾಡಬಹುದು. ಉಕ್ಕಿನ ಮೇಲೆ ಸುಳ್ಳು ನಂಬರು ಒತ್ತಿದ್ರೆ ಅದು ನಮ್ಮ ನಂತರವೂ ಸುಳ್ಳು ಹೇಳ್ತಾ ಇರುತ್ತೆ.

ಇಷ್ಟು ಹೊತ್ತಿಗೆ ನಾನು ದೊಡ್ಡ ಪಂಡಿತನ ಠೀವಿಯಲ್ಲಿದ್ದೆ. ಗಾಡಿ ಸುತ್ತ ಒಂದು ಸುತ್ತು ಬಂದು ಹಿಂದೆ ನಿಂತು, "ಇದೂ ತಪ್ಪು. ಯುದ್ಧಕಾಲದ ಜೀಪಿಗೆ ಹಿಂದೆ ಬಾಗಿಲು ಇರಲ್ಲ. ಹಿಂದಿನ ತಗಡು ಪೂರ್ತಿ ಮುಚ್ಚಿರುತ್ತೆ. ಸ್ಟೆಪ್ನಿ, ಕ್ಯಾನು ಅದಕ್ಕೇ ಕಟ್ಟೋದು. ಬಾಗಿಲು ಬಂದಿದ್ದು 1945ರ ನಾಗರಿಕ ಜೀಪಿಗೆ. ಇದನ್ನ ಯಾರೋ ಆಮೇಲೆ ಕತ್ತರಿಸಿದಾರೆ. ಬೆಸುಗೆ ಹಾಕಿಸಿ ಮುಚ್ಚಿಸಬೇಕು" ಅಂದೆ.

ಜಗಲಿ ಮೇಲೆ ಅಡಿಕೆ ಆರಿಸ್ತಾ ಕೂತಿದ್ದ ದೊಡ್ಡಮ್ಮ ತಲೆ ಎತ್ತದೆ ಹೇಳಿದ್ಲು.

"ಯಾರೋ ಅಲ್ಲ. ನಿಮ್ಮ ದೊಡ್ಡಪ್ಪ ಕತ್ತರಿಸಿದ್ದು. ಮಂಚ ಹೋಗ್ತಿರ್ಲಿಲ್ಲ ಅಂತ."

ನಾನು ಸುಮ್ಮನಾದೆ.

"ಮುಚ್ಚಿಸ್ರೋ. ಆದ್ರೆ ನಿಮ್ಮಜ್ಜೀನ ಎಲ್ಲಿಂದ ಹತ್ಸಿದ್ದು ಅಂತ ಕೇಳಿದವ್ರಿಗೆ ಎಂತ ಹೇಳ್ತೀರಿ?"

*

ನನಗೆ ನೆನಪಿತ್ತು. ಮರೆತದ್ದಲ್ಲ. ಪುಸ್ತಕದ ಜೀಪು ತಲೆಯಲ್ಲಿ ತುಂಬಿಕೊಂಡು ಎದುರಿಗಿದ್ದ ಜೀಪು ಕಾಣಿಸಿರಲಿಲ್ಲ, ಅಷ್ಟೆ.

1991ರ ಮಳೆಗಾಲ. ನನಗೆ ಹತ್ತು ವರ್ಷ, ರಜೆಗಂತ ಹೋದವನು ಜ್ವರ ಅಂತ ಅಲ್ಲೇ ಉಳಿದಿದ್ದೆ. ರಾತ್ರಿ ಅಜ್ಜಿಗೆ ಎದೆನೋವು ಬಂತು. ಸಂಜೆಯ ಕೊನೇ ಲಾಂಚು ಹೋಗಿ ಎಷ್ಟೋ ಹೊತ್ತಾಗಿತ್ತು. ರಾತ್ರಿ ಹಿನ್ನೀರು ದಾಟೋ ಮಾತೇ ಇಲ್ಲ. ದೊಡ್ಡಪ್ಪ ಹಿಂದಿನ ಬಾಗಿಲು ತೆಗೆದು, ಹಗ್ಗದ ಮಂಚದ ಸಮೇತ ಅಜ್ಜಿಯನ್ನ ಒಳಗೆ ಸರಿಸಿದ. ಮಂಚದ ಕಾಲು ಬಾಗಿಲಾಚೆ ಒಂದಡಿ ಚಾಚಿಕೊಂಡಿತ್ತು. ಅಪ್ಪ ಪಕ್ಕದಲ್ಲಿ ಕೊಡೆ ಹಿಡಿದು ಕೂತ. ನಿಟ್ಟೂರಿನ ಮೇಲೆ ಸುತ್ತಿ ಹೋದರು. ನಗರ ದಾಟಿದ ಮೇಲೆ ಅಜ್ಜಿ ಹೋಗಿಬಿಟ್ಟಳು. ಬೆಳಿಗ್ಗೆ ಜೀಪು ವಾಪಸ್ ಬಂದಾಗ ಮಂಚದ ಕಾಲು ಹಾಗೇ ಹೊರಗೆ ಚಾಚಿಕೊಂಡಿದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ.

ದೊಡ್ಡಮ್ಮನ್ನ ಕೇಳಿದ ಮೇಲೆ ಗೊತ್ತಾಯ್ತು, ಆ ಬಾಗಿಲು ಅಜ್ಜಿಗಾಗಿ ಕತ್ತರಿಸಿದ್ದೂ ಅಲ್ಲ. ಅದಕ್ಕೂ ಮೊದಲೇ, ಹೆರಿಗೆ ನೋವು ಬಂದ ಹೆಂಗಸೊಬ್ಬಳನ್ನ ಪಕ್ಕದಿಂದ ಎತ್ತಿ ಹತ್ತಿಸಲಾಗದೆ ಒದ್ದಾಡಿದ ಮಾರನೇ ವಾರ ದೊಡ್ಡಪ್ಪ ಜೀಪನ್ನ ಲಾಂಚಿನಲ್ಲಿ ಸಾಗರಕ್ಕೆ ಒಯ್ದು ಕತ್ತರಿಸಿಕೊಂಡು ಬಂದಿದ್ದ. ಆಮೇಲೆ ಹಾವು ಕಚ್ಚಿದವರು, ಅಡಿಕೆ ಮರದಿಂದ ಬಿದ್ದವರು, ಬಾಣಂತಿಯರು... ಆ ಬಾಗಿಲಿನಿಂದ ಹತ್ತಿದವರ ಲೆಕ್ಕ ಬರೆದಿಟ್ಟವರಿಲ್ಲ. ದುಡ್ಡು ತಗೊಂಡದ್ದೂ ಇಲ್ಲ, "ಡೀಸೆಲ್ ಹಾಕ್ಸಿದ್ರೆ ಹಾಕ್ಸಿದ್ರು".

ಲೆಕ್ಕ ಹಾಕಿ ನೋಡಿದೆ. ಈ ಜೀಪು ಸೇನೆಯಲ್ಲಿ ದುಡಿದದ್ದು ಜಾಸ್ತಿ ಅಂದ್ರೆ ಐದಾರು ವರ್ಷ. ನಾಟಾ ಕೂಪಿನಲ್ಲಿ ಏಳು ವರ್ಷ. ನಮ್ಮನೆಯಲ್ಲಿ ಐವತ್ತು ವರ್ಷಕ್ಕೂ ಮೇಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ಏರಿದಾಗ ಅಜ್ಜನ ಹಳೇ ಮನೆ ಮುಳುಗಿತು. ಜಂತಿ, ಹೆಂಚು, ದೇವರ ಪೆಟ್ಟಿಗೆ, ಒನಕೆ ಎಲ್ಲಾ ಬ್ಯಾಕೋಡಿಗೆ ಬಂದದ್ದು ಇದೇ ಜೀಪಿನಲ್ಲಿ. ಆಕಾಶ ನೀಲಿ ಬಳಿದದ್ದು ಅದಾದ ಮೇಲೆ, ಹೊಸ ಮನೆ ಒಕ್ಕಲಾದಾಗ. "ಮಿಲ್ಟ್ರಿ ಜೀಪನ್ನ ಒರಿಜಿನಲ್ ಮಾಡೋದು" ಅಂದ್ರೆ ಆ ಐದು ವರ್ಷ ಉಳಿಸೋಕೆ ಈ ಐವತ್ತು ವರ್ಷ ಉಜ್ಜಿ ಹಾಕೋದು. ಅದೂ ಆ ಐದು ವರ್ಷದ ಬಗ್ಗೆ ನಮ್ಮ ಹತ್ರ ಇರೋದು ಒಂದು ಅಕ್ಷರ, ಎರಡು ಅಂಕೆ!

ತಮಾಷೆ ಅಂದ್ರೆ ಅದೇ 1964ರಲ್ಲಿ ವೆನಿಸ್ಸಿನಲ್ಲಿ ಹಳೇ ಕಟ್ಟಡಗಳ ಜೀರ್ಣೋದ್ಧಾರ ಮಾಡುವವರೆಲ್ಲ ಸೇರಿ ಒಂದು ಸನ್ನದು ಬರೆದರು. ಅದರ ಎರಡು ಮಾತು ನನಗೆ ಬಹಳ ಹಿಡಿಸುತ್ತೆ. ಊಹೆ ಶುರುವಾಗೋ ಕಡೆ ಜೀರ್ಣೋದ್ಧಾರ ನಿಲ್ಲಬೇಕು ಅನ್ನೋದು ಒಂದು. ಬೇರೆ ಬೇರೆ ಕಾಲದವರು ಸೇರಿಸಿದ್ದನ್ನೂ ಗೌರವಿಸಬೇಕು, ಒಂದೇ ಕಾಲದ ಶೈಲಿಗೆ ತರೋದು ಗುರಿಯಲ್ಲ ಅನ್ನೋದು ಇನ್ನೊಂದು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟದವರು 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದಿನಲ್ಲೂ ಹೆಚ್ಚುಕಮ್ಮಿ ಇದೇ ಧೋರಣೆ ಇದೆ, ಕಟ್ಟಡದ ಬದಲು ಗಾಡಿಗೆ.

ಇನ್ನೊಂದು ಸಂಗತಿ ನೋಡಿ. ಸೇನೆಯಲ್ಲೇ ಜೀಪುಗಳು "ಶುದ್ಧ"ವಾಗಿರಲಿಲ್ಲ. ವರ್ಕ್‌ಶಾಪಿಗೆ ಬಂದ ಗಾಡಿಗೆ ಕೈಗೆ ಸಿಕ್ಕಿದ ಬಿಡಿಭಾಗ ಹಾಕಿ ಕಳಿಸ್ತಿದ್ದರು. ಫೋರ್ಡಿನ ಚಾಸಿಗೆ ವಿಲ್ಲೀಸಿನ ಎಂಜಿನ್ನು, ಯಾವುದರದ್ದೋ ಬಾನೆಟ್ಟು. ಎರಡು ಕಂಪನಿಯದೂ ಒಂದಕ್ಕೊಂದು ಕೂರಬೇಕು ಅಂತ ಷರತ್ತು ಹಾಕಿದ್ದೇ ಅದಕ್ಕೆ. ಇವತ್ತು ಪ್ರತಿ ಬೋಲ್ಟಿನ ತಲೆ ಮೇಲೂ ಎಫ್ ಇರಬೇಕು ಅಂತ ದೇಶದೇಶ ಹುಡುಕಿ ಕೂಡಿಸಿದ ಜೀಪು, ಬರ್ಮಾದ ಕೆಸರಿನಲ್ಲಿ ಓಡಿದ ಯಾವ ಜೀಪಿಗಿಂತಲೂ ಮಡಿ! ಅದು ಕಾರ್ಖಾನೆ ಬಾಗಿಲಲ್ಲಿ ನಿಂತ ಒಂದು ಬೆಳಿಗ್ಗೆಯ ಚಿತ್ರ. ಆ ಚಿತ್ರವೂ ಬೇಕು, ಮ್ಯೂಸಿಯಮ್ಮಿನಲ್ಲಿ ಒಂದೆರಡು ಹಾಗೆ ಇರಲಿ. ಎಲ್ಲಾ ಜೀಪೂ ಅದೇ ಬೆಳಿಗ್ಗೆಗೆ ವಾಪಸ್ ಹೋಗಬೇಕು ಅನ್ನೋದು ಯಾಕೆ?

ಅಂದ್ಮೇಲೆ ಏನು ಬೇಕಾದ್ರೂ ಮಾಡಬಹುದಾ? ಹಾಗೂ ಅಲ್ಲ. ದೊಡ್ಡಪ್ಪ ಬಾಗಿಲು ಕತ್ತರಿಸಿದಾಗ ಅವನು ಯಾರಿಗೂ ಏನನ್ನೂ ನಂಬಿಸೋಕೆ ಹೊರಟಿರಲಿಲ್ಲ. ಮಂಚ ಹೋಗಬೇಕಿತ್ತು, ಕತ್ತರಿಸಿದ. ಆ ಕತ್ತರಿಸಿದ ಅಂಚೇ ಅವನ ಸಹಿ. ನಾವು ಇವತ್ತು ಸ್ಟಾರ್ ಬಳಿದ್ರೆ ಅದು ಹಾಗಲ್ಲ, ನೋಡಿದವರು ಇಲ್ಲದ್ದನ್ನ ನಂಬಲಿ ಅಂತಲೇ ಬಳಿಯೋದು. ಎರಡೂ ಬದಲಾವಣೆಯೇ. ಒಂದು ನಡೆದದ್ದರ ಗುರುತು, ಇನ್ನೊಂದು ನಡೆಯದ್ದರ ಗುರುತು.

ಬೇಸಿಗೆಯಲ್ಲಿ ಲಿಂಗನಮಕ್ಕಿ ನೀರು ತೀರಾ ಇಳಿದಾಗ ಹಿರೇಭಾಸ್ಕರದ ಹಳೇ ಅಣೆಕಟ್ಟು, ನಾವು ಮಡೇನೂರು ಡ್ಯಾಂ ಅನ್ನೋದು, ಎದ್ದು ಕಾಣುತ್ತೆ. ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕಾಗಿ ಕಟ್ಟಿದ್ದು ಅದು. ಕಾಲು ಶತಮಾನವೂ ದುಡಿಯದೆ ದೊಡ್ಡ ಅಣೆಕಟ್ಟಿನ ನೀರಲ್ಲಿ ಮುಳುಗಿತು. ಜನ ನೋಡೋಕೆ ಹೋಗ್ತಾರೆ. ಅದನ್ನ ಯಾರೂ ತೊಳೆದು ಬಣ್ಣ ಬಳಿದು 1948ರ ಹಾಗೆ ಮಾಡಬೇಕು ಅನ್ನಲ್ಲ. ಮುಳುಗಿದ್ದೂ ಅದರ ಇತಿಹಾಸ ಅಂತ ಎಲ್ಲರಿಗೂ ಹೇಳದೇ ಗೊತ್ತಾಗುತ್ತೆ. ಜೀಪಿನ ವಿಷಯಕ್ಕೆ ಬಂದಾಗ ಯಾಕೋ ಮರೀತೀವಿ.

*

ಕೊನೆಗೆ ಏನು ಮಾಡಿದ್ವಿ ಅಂತ ಹೇಳಿ ಮುಗಿಸ್ತೀನಿ.

ತುಕ್ಕು ಹಿಡಿದ ಕಡೆ ಕೆರೆದು, ತಡೆಯೋ ಎಣ್ಣೆ-ಪ್ರೈಮರು ಹಚ್ಚಿಸೋದು. ಬ್ರೇಕು, ವೈರಿಂಗು ಹೊಸದು, ಯಾಕಂದ್ರೆ ಓಡೋ ಗಾಡಿಯಲ್ಲಿ ಜನ ಕೂರ್ತಾರೆ, ಅಲ್ಲಿ ಇತಿಹಾಸ ನೋಡ್ತಾ ಕೂರೋಕಾಗಲ್ಲ. ತೆಗೆದ ಹಳೇ ಭಾಗಗಳನ್ನ ಗುಜರಿಗೆ ಹಾಕದೆ ಚೀಟಿ ಕಟ್ಟಿ ಅಟ್ಟದ ಮೇಲೆ ಇಡೋದು. ಬಣ್ಣ ನೀಲಿಯೇ ಇರಲಿ. ಬಾನೆಟ್ ಪಕ್ಕದಲ್ಲಿ ನಾನು ಉಜ್ಜಿದ ಆ ಒಂದು ಗೇಣು ಜಾಗವನ್ನ ಹಾಗೇ ಬಿಟ್ಟು ಮೇಲೆ ಬಣ್ಣವಿಲ್ಲದ ವಾರ್ನಿಶ್ ಹೊಡೆಯೋದು: ನೀಲಿ, ತಿಳಿನೀಲಿ, ಕೆಂಪು, ಮಂಕು ಹಸಿರು, ಎಂ ಅಕ್ಷರ ಎಲ್ಲಾ ಒಟ್ಟಿಗೆ ಕಾಣೋ ಹಾಗೆ. ಡೀಸೆಲ್ ಎಂಜಿನ್ ಅಲ್ಲೇ ಇರಲಿ. ಹಿಂದಿನ ಬಾಗಿಲು ಮುಚ್ಚೋ ಮಾತಿಲ್ಲ.

ಒಂದು ಇನ್ನೂರು ಪುಟದ ನೋಟ್‌ಬುಕ್ಕು ತಂದು ಚಾಸಿ ನಂಬರು, ಬಣ್ಣದ ಪದರ, ಯಾವ ವರ್ಷ ಏನು ಬದಲಾಯ್ತು ಅಂತ ಬರೆಯೋಕೆ ಶುರು ಮಾಡಿದೀನಿ. ದೊಡ್ಡಮ್ಮ ಹೇಳ್ತಾಳೆ, ನಾನು ಬರ್ಕೋತೀನಿ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ" ಅಂತಲೇ ಬರೀತಿದೀನಿ. ಆ ಬಾಗಿಲಿಂದ ಹತ್ತಿದವರ ಪಟ್ಟಿ ಈಗಾಗಲೇ ಎರಡೂವರೆ ಪುಟ ಆಗಿದೆ. ಹಾಗೆ ಹೋಗಿ ಆರೋಗ್ಯವಾಗಿ ವಾಪಸ್ ಬಂದವರ ಹೆಸರಿನ ಮುಂದೆ ದೊಡ್ಡಮ್ಮನ ಅಪ್ಪಣೆ ಮೇರೆಗೆ ಒಂದು ಚುಕ್ಕೆ ಇಡ್ತಿದೀನಿ. ಚುಕ್ಕೆ ಇರುವವರೇ ಜಾಸ್ತಿ. ಅದು ಸಮಾಧಾನ.

ಅಣ್ಣನಿಗೆ ಪೂರ್ತಿ ಒಪ್ಪಿಗೆ ಆಗಿದೆ ಅಂತೇನಿಲ್ಲ. ಮೊನ್ನೆ ಫೋನ್ ಮಾಡಿದ್ದ. ಆಯಸ್ಕಾಂತದ ಹಾಳೆ ತಂದು ಬಿಳೀ ಸ್ಟಾರ್ ಕತ್ತರಿಸಿಕೊಂಡಿದಾನಂತೆ. ಫೋಟೋ ತೆಗಿಯೋವಾಗ ಅಂಟಿಸೋದು, ಆಮೇಲೆ ಕಿತ್ತು ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ಇಡೋದು.

"ಇದಕ್ಕೆ ನಿನ್ ಇತಿಹಾಸ ಎಂತ ಹೇಳ್ತದೆ?" ಅಂದ.

ಅದನ್ನೂ ನೋಟ್‌ಬುಕ್ಕಲ್ಲಿ ಬರೆದಿಡ್ತೀನಿ ಅಂದೆ :-)

ನಿಮ್ಮೂರ ಕೊಟ್ಟಿಗೆಯಲ್ಲೂ ಇಂಥದ್ದೊಂದು ಡಿಸ್ಪೋಸಲ್ ಗಾಡಿ ಇದ್ರೆ, ಬಣ್ಣ ಬಳಿಯೋಕೆ ಮುಂಚೆ ಒಂದು ಮೂಲೆ ಮೆಲ್ಲಗೆ ಉಜ್ಜಿ ನೋಡಿ. ಜಗಲಿ ಮೇಲೆ ಕೂತವರನ್ನ ಅದಕ್ಕೂ ಮುಂಚೆ ಕೇಳಿ.